ಗಾಲ್ಫ್ ಹೋಲ್‌ಗಳ ಆಟದ ತಂತ್ರ

ಗಾಲ್ಫ್ ಹೋಲ್‌ಗಳ ಆಟದ ತಂತ್ರ ಎಂದರೆ ಗಾಲ್ಫ್ ಅಂಗಣದ ಪ್ರತಿಯೊಂದು ಹೋಲ್ ಅನ್ನು ಕಡಿಮೆ ಹೊಡೆತಗಳಲ್ಲಿ ಮುಗಿಸಲು ಆಟಗಾರ ಮುಂಚಿತವಾಗಿ ಮಾಡಿಕೊಳ್ಳುವ ಯೋಜನೆ. ಯಾವ ಕ್ಲಬ್ ಆರಿಸಬೇಕು, ಚೆಂಡನ್ನು ಯಾವ ಕಡೆಗೆ ಗುರಿಯಿಡಬೇಕು, ಯಾವ ಅಪಾಯವನ್ನು ಎದುರಿಸಬೇಕು, ಯಾವುದನ್ನು ತಪ್ಪಿಸಬೇಕು ಎಂಬ ನಿರ್ಧಾರಗಳು ಇದರಲ್ಲಿ ಸೇರುತ್ತವೆ. ಚೆಂಡನ್ನು ಹೊಡೆಯುವ ಕೌಶಲಕ್ಕಿಂತ ಇದು ಭಿನ್ನವಾದುದು. ಸಮಾನ ಕೌಶಲವುಳ್ಳ ಇಬ್ಬರು ಆಟಗಾರರ ನಡುವೆ ಒಂದೇ ಸುತ್ತಿನಲ್ಲಿ ಹಲವು ಹೊಡೆತಗಳ ಅಂತರ ಉಂಟಾಗಲು ನಿರ್ಧಾರಗಳ ವ್ಯತ್ಯಾಸವೂ ಒಂದು ಮುಖ್ಯ ಕಾರಣ. ಕರ್ನಾಟಕದಲ್ಲಿ ಗಾಲ್ಫ್ ಆಟಕ್ಕೆ 19ನೇ ಶತಮಾನದಿಂದ ಬಂದ ಇತಿಹಾಸವಿದ್ದು, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು.

ಪದಬಳಕೆ

ಗಾಲ್ಫ್‌ನಲ್ಲಿ 'ಹೋಲ್' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಚೆಂಡು ಬೀಳಬೇಕಾದ, 108 ಮಿಲಿಮೀಟರ್ ವ್ಯಾಸದ ಕುಳಿ ಒಂದು. ಆಟ ಆರಂಭವಾಗುವ ಟೀ ಪ್ರದೇಶದಿಂದ ಆ ಕುಳಿಯವರೆಗಿನ ಇಡೀ ಭಾಗ ಇನ್ನೊಂದು. ಈ ಲೇಖನದಲ್ಲಿ ಮೊದಲನೆಯದನ್ನು 'ಕುಳಿ' ಎಂದೂ ಎರಡನೆಯದನ್ನು 'ಹೋಲ್' ಎಂದೂ ಕರೆಯಲಾಗಿದೆ. ಪೂರ್ಣ ಪ್ರಮಾಣದ ಅಂಗಣದಲ್ಲಿ 18 ಹೋಲ್‌ಗಳಿರುತ್ತವೆ. ಆಟಗಾರ ಗರಿಷ್ಠ 14 ಕ್ಲಬ್‌ಗಳನ್ನು ಮಾತ್ರ ಒಯ್ಯಬಹುದು.

ಹೋಲ್‌ನ ರಚನೆ ಮತ್ತು ಪಾರ್

ಟೀ ಪ್ರದೇಶ, ಹುಲ್ಲನ್ನು ಮಟ್ಟವಾಗಿ ಕತ್ತರಿಸಿದ ಫೇರ್‌ವೇ, ಅದರ ಎರಡು ಬದಿಯ ಎತ್ತರದ ಹುಲ್ಲಿನ ರಫ್, ಮರಳು ತುಂಬಿದ ಬಂಕರ್‌ಗಳು, ಕೆರೆ ಅಥವಾ ಹಳ್ಳದಂತಹ ಪೆನಾಲ್ಟಿ ಪ್ರದೇಶಗಳು ಮತ್ತು ಕುಳಿಯಿರುವ ಗ್ರೀನ್ ಒಂದು ಹೋಲ್‌ನ ಸಾಮಾನ್ಯ ಅಂಗಗಳು. ನುರಿತ ಆಟಗಾರ ಒಂದು ಹೋಲ್ ಮುಗಿಸಲು ತೆಗೆದುಕೊಳ್ಳಬೇಕೆಂದು ನಿರೀಕ್ಷಿಸುವ ಹೊಡೆತಗಳ ಸಂಖ್ಯೆಯೇ ಪಾರ್. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ ಎನ್ನುತ್ತಾರೆ.

ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಮಾರ್ಗಸೂಚಿಯಂತೆ ಪುರುಷರಿಗೆ 260 ಗಜದವರೆಗಿನ ಹೋಲ್ ಪಾರ್ 3, 240ರಿಂದ 490 ಗಜದವರೆಗಿನದು ಪಾರ್ 4, 450ರಿಂದ 710 ಗಜದವರೆಗಿನದು ಪಾರ್ 5 ಆಗಿರುತ್ತದೆ. ಮಹಿಳೆಯರಿಗೆ ಈ ಮಿತಿಗಳು ಕ್ರಮವಾಗಿ 220 ಗಜದವರೆಗೆ, 200ರಿಂದ 420 ಹಾಗೂ 370ರಿಂದ 600 ಗಜ. ಮಿತಿಗಳು ಒಂದರ ಮೇಲೊಂದು ಬರುವುದರಿಂದ ಏರಿಳಿತ, ಅಡೆತಡೆ ಮುಂತಾದವನ್ನು ಪರಿಗಣಿಸಿ ಪಾರ್ ನಿಗದಿಪಡಿಸಲಾಗುತ್ತದೆ. ಪಾರ್ ಲೆಕ್ಕದಲ್ಲಿ ಪ್ರತಿ ಗ್ರೀನ್ ಮೇಲೆ ಎರಡು ಪಟ್‌ಗಳನ್ನು ಎಣಿಸಲಾಗುತ್ತದೆ. ಹೀಗಾಗಿ ಪಾರ್ 4 ಹೋಲ್‌ನಲ್ಲಿ ಎರಡನೆಯ ಹೊಡೆತಕ್ಕೆ ಗ್ರೀನ್ ತಲುಪುವುದು ನಿರೀಕ್ಷಿತ ಸಾಧನೆ.

ಹೋಲ್‌ಗಳ ವಿನ್ಯಾಸ ಶೈಲಿಗಳು

ಅಂಗಣ ವಿನ್ಯಾಸಕಾರರು ಹೋಲ್‌ಗಳನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ.

ದಂಡನಾತ್ಮಕ ಹೋಲ್: ಇಲ್ಲಿ ಆಟಗಾರನಿಗೆ ಬೇರೆ ದಾರಿ ಇರುವುದಿಲ್ಲ. ನೀರನ್ನಾಗಲಿ ಬಂಕರನ್ನಾಗಲಿ ದಾಟಲೇಬೇಕು. ತಪ್ಪಿದರೆ ದಂಡ ನಿಶ್ಚಿತ.

ತಂತ್ರಾತ್ಮಕ ಹೋಲ್: ಇಲ್ಲಿ ಸುರಕ್ಷಿತ ದಾರಿ ಯಾವಾಗಲೂ ತೆರೆದಿರುತ್ತದೆ. ಆದರೆ ಅಪಾಯದ ಹತ್ತಿರಕ್ಕೆ ಚೆಂಡು ಹೊಡೆದವನಿಗೆ ಮುಂದಿನ ಹೊಡೆತ ಸುಲಭವಾಗುತ್ತದೆ.

ಸಾಹಸಾತ್ಮಕ ಹೋಲ್: ಅಡೆತಡೆಯನ್ನು ಓರೆಯಾಗಿ ಇರಿಸಲಾಗಿರುತ್ತದೆ. ಎಷ್ಟು ದೂರದ ಭಾಗವನ್ನು ದಾಟಬೇಕೆಂಬುದನ್ನು ಆಟಗಾರ ತನ್ನ ಶಕ್ತಿಗೆ ತಕ್ಕಂತೆ ಆರಿಸಿಕೊಳ್ಳಬಹುದು.

ಸ್ಕಾಟ್ಲೆಂಡ್‌ನ ಸೇಂಟ್ ಆ್ಯಂಡ್ರೂಸ್ ಹಳೆಯ ಅಂಗಣದ 17ನೇ ಹೋಲ್ ತಂತ್ರಾತ್ಮಕ ವಿನ್ಯಾಸದ ಹೆಸರಾಂತ ಉದಾಹರಣೆ. 'ರೋಡ್ ಹೋಲ್' ಎಂದು ಪ್ರಸಿದ್ಧವಾದ ಈ ಪಾರ್ 4 ಹೋಲ್‌ನ ಬಲಬದಿಯಲ್ಲಿ ಅಂಗಣದ ಎಲ್ಲೆಯಿದೆ. ಎಲ್ಲೆಗೆ ಹತ್ತಿರವಾಗಿ ಹೊಡೆದವನಿಗೆ ಗ್ರೀನ್‌ನ ಕಡೆಗೆ ಒಳ್ಳೆಯ ಕೋನ ದೊರೆಯುತ್ತದೆ. ಎಡಕ್ಕೆ ಸರಿದು ಸುರಕ್ಷಿತವಾಗಿ ಆಡಿದವನು ಗ್ರೀನ್‌ನ ಎಡಗಡೆ ಕಾವಲಿರುವ ಆಳವಾದ ಬಂಕರ್ ಮೇಲಿನಿಂದ ಹೊಡೆಯಬೇಕಾಗುತ್ತದೆ.

ಕುಳಿಯಿಂದ ಟೀಗೆ ಹಿಮ್ಮುಖ ಯೋಜನೆ

ಹೋಲ್ ಅನ್ನು ಆಡುವುದು ಟೀಯಿಂದ ಕುಳಿಯ ಕಡೆಗೆ. ಯೋಜಿಸುವುದು ಕುಳಿಯಿಂದ ಟೀಯ ಕಡೆಗೆ. ಮೊದಲು ಬಾವುಟ ಗ್ರೀನ್‌ನ ಯಾವ ಭಾಗದಲ್ಲಿದೆ, ಗ್ರೀನ್ ಯಾವ ಕಡೆಗೆ ಇಳಿಜಾರಾಗಿದೆ ಎಂಬುದನ್ನು ಗಮನಿಸಬೇಕು. ಎತ್ತರದಿಂದ ಕೆಳಕ್ಕೆ ಹೊಡೆಯುವ ಪಟ್‌ಗಿಂತ ಕೆಳಗಿನಿಂದ ಮೇಲಕ್ಕೆ ಹೊಡೆಯುವ ಪಟ್ ನಿಯಂತ್ರಣಕ್ಕೆ ಸುಲಭ. ಆದ್ದರಿಂದ ಇಳಿಜಾರಿನ ಗ್ರೀನ್‌ನಲ್ಲಿ ಚೆಂಡು ಕುಳಿಗಿಂತ ಕೆಳಗಡೆ ನಿಲ್ಲುವುದು ಅಪೇಕ್ಷಣೀಯ. ನಂತರ ಆ ಜಾಗಕ್ಕೆ ಚೆಂಡನ್ನು ಸೇರಿಸಲು ಫೇರ್‌ವೇಯ ಯಾವ ಬದಿಯಿಂದ, ಎಷ್ಟು ದೂರದಿಂದ ಹೊಡೆಯುವುದು ಅನುಕೂಲ ಎಂದು ನಿರ್ಧರಿಸಬೇಕು. ಟೀ ಹೊಡೆತದ ಕ್ಲಬ್ ಹಾಗೂ ಗುರಿ ಇದರಿಂದ ನಿಗದಿಯಾಗುತ್ತವೆ.

ಈ ಯೋಜನೆಗೆ ಆಟಗಾರ ತನ್ನ ಪ್ರತಿಯೊಂದು ಕ್ಲಬ್‌ನ ದೂರವನ್ನು ತಿಳಿದಿರಬೇಕು. ಚೆಂಡು ಗಾಳಿಯಲ್ಲಿ ಸಾಗುವ ದೂರ ಬೇರೆ, ನೆಲಕ್ಕೆ ಬಿದ್ದ ಮೇಲೆ ಉರುಳುವ ದೂರ ಬೇರೆ. ನೀರು ಅಥವಾ ಬಂಕರ್ ದಾಟಲು ಮೊದಲನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹವ್ಯಾಸಿ ಆಟಗಾರರು ಅಪರೂಪಕ್ಕೆ ಸಿಕ್ಕ ತಮ್ಮ ಅತ್ಯುತ್ತಮ ಹೊಡೆತದ ದೂರವನ್ನೇ ಸಾಮಾನ್ಯ ದೂರವೆಂದು ಭಾವಿಸುವುದರಿಂದ ಅವರ ಚೆಂಡು ಹೆಚ್ಚಾಗಿ ಗ್ರೀನ್‌ಗಿಂತ ಹಿಂದೆಯೇ ಬೀಳುತ್ತದೆ.

ಒಂದೇ ಕ್ಲಬ್‌ನಿಂದ ಒಂದೇ ಗುರಿಗೆ ಹೊಡೆದ ಚೆಂಡುಗಳು ಒಂದೇ ಜಾಗದಲ್ಲಿ ಬೀಳುವುದಿಲ್ಲ. ಗುರಿಯ ಸುತ್ತ ಹರಡಿ ಬೀಳುತ್ತವೆ. ವೃತ್ತಿಪರರಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಗುರಿ ಇಡುವಾಗ ಒಂದು ಬಿಂದುವನ್ನಲ್ಲ, ಆ ಇಡೀ ಹರವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಬೇಕು. ಎಡಗಡೆ ಕೆರೆ, ಬಲಗಡೆ ಬರಿ ರಫ್ ಇದ್ದರೆ ಫೇರ್‌ವೇಯ ಬಲ ಅಂಚಿಗೆ ಗುರಿಯಿಡುವುದು ಸರಿಯಾದ ಕ್ರಮ.

ಪಾರ್ 3 ಹೋಲ್‌ಗಳು

ಪಾರ್ 3 ಹೋಲ್‌ನಲ್ಲಿ ಟೀ ಹೊಡೆತವೇ ಗ್ರೀನ್ ತಲುಪಬೇಕು. ಬಾವುಟ ಗ್ರೀನ್‌ನ ಅಂಚಿನಲ್ಲಿದ್ದು ಅದರ ಪಕ್ಕದಲ್ಲೇ ಬಂಕರ್ ಇದ್ದರೆ ನೇರವಾಗಿ ಬಾವುಟಕ್ಕೆ ಹೊಡೆಯುವುದು ನಷ್ಟಕರ. ಚೆಂಡು ಸ್ವಲ್ಪ ತಪ್ಪಿದರೂ ಆಟಗಾರ ಬಾವುಟದ ಹತ್ತಿರದ ಬದಿಯಲ್ಲೇ ಸಿಲುಕುತ್ತಾನೆ. ಚೆಂಡನ್ನು ನಿಲ್ಲಿಸಲು ಗ್ರೀನ್‌ನ ಜಾಗವೇ ಉಳಿದಿರುವುದಿಲ್ಲ. ಗ್ರೀನ್‌ನ ಮಧ್ಯಕ್ಕೆ ಹೊಡೆದು ಎರಡು ಪಟ್‌ಗಳಲ್ಲಿ ಮುಗಿಸುವುದು ಇಂತಹ ಹೋಲ್‌ಗಳಲ್ಲಿ ದೀರ್ಘಕಾಲದ ಲಾಭ ತರುತ್ತದೆ. ಗ್ರೀನ್‌ನ ಮುಂಭಾಗ ಮತ್ತು ಹಿಂಭಾಗದ ನಡುವೆ 30 ಗಜದಷ್ಟು ಅಂತರವಿದ್ದರೆ ಬಾವುಟದ ಸ್ಥಾನಕ್ಕೆ ಅನುಗುಣವಾಗಿ ಎರಡು ಅಥವಾ ಮೂರು ಕ್ಲಬ್‌ಗಳ ವ್ಯತ್ಯಾಸ ಬರಬಹುದು.

ಪಾರ್ 4 ಹೋಲ್‌ಗಳು

ಅಂಗಣದಲ್ಲಿ ಇವುಗಳ ಸಂಖ್ಯೆಯೇ ಹೆಚ್ಚು. ಇಲ್ಲಿನ ಮುಖ್ಯ ಪ್ರಶ್ನೆ ಟೀಯಿಂದ ಡ್ರೈವರ್ ಬಳಸಬೇಕೇ ಬೇಡವೇ ಎಂಬುದು. ಗ್ರೀನ್‌ಗೆ ಹತ್ತಿರವಾದಷ್ಟೂ ಮುಂದಿನ ಹೊಡೆತ ಸುಲಭವಾಗುವುದರಿಂದ, ಅಪಾಯವಿಲ್ಲದಿದ್ದಲ್ಲಿ ಉದ್ದನೆಯ ಹೊಡೆತವೇ ಲಾಭಕರ. ರಫ್‌ನಲ್ಲಿ ಬಿದ್ದರೂ 20 ಗಜ ಮುಂದಿರುವುದು ಹಲವು ಸಲ ನಷ್ಟವಲ್ಲ. ಆದರೆ ಡ್ರೈವರ್‌ನ ಹರವಿನೊಳಗೆ ಎಲ್ಲೆಗೆರೆ, ನೀರು ಅಥವಾ ದಟ್ಟ ಮರಗಳು ಬಂದರೆ ಚಿಕ್ಕ ಕ್ಲಬ್ ಆರಿಸಿ ಆ ಅಪಾಯದ ಹಿಂದೆಯೇ ಚೆಂಡನ್ನು ನಿಲ್ಲಿಸುವುದು ವಿವೇಕ.

ಬೆಂಗಳೂರು ಗಾಲ್ಫ್ ಕ್ಲಬ್‌ನಂತೆ ನಗರದ ನಡುವಿನ ಸೀಮಿತ ಜಾಗದಲ್ಲಿರುವ ಹಳೆಯ ಅಂಗಣಗಳಲ್ಲಿ ಹೋಲ್‌ಗಳು ಗಿಡ್ಡವಾಗಿಯೂ ಕಿರಿದಾಗಿಯೂ ಇರುತ್ತವೆ. ಇಂತಹಲ್ಲಿ ದೂರಕ್ಕಿಂತ ದಿಕ್ಕಿಗೆ ಬೆಲೆ ಹೆಚ್ಚು. ಮರಗಳ ನಡುವೆ ಸಿಕ್ಕಿಕೊಂಡ ಚೆಂಡನ್ನು ಸಣ್ಣ ಸಂದಿನಿಂದ ಗ್ರೀನ್‌ಗೆ ತೂರಿಸಲು ಹೋಗದೆ, ಪಕ್ಕಕ್ಕೆ ಹೊಡೆದು ಫೇರ್‌ವೇಗೆ ತರುವುದು ಸಾಮಾನ್ಯವಾಗಿ ಒಂದು ಹೊಡೆತದ ನಷ್ಟದಲ್ಲಿ ಮುಗಿಯುತ್ತದೆ. ತೂರಿಸುವ ಪ್ರಯತ್ನ ವಿಫಲವಾದರೆ ನಷ್ಟ ಎರಡು ಮೂರಕ್ಕೇರುತ್ತದೆ.

ಪಾರ್ 5 ಹೋಲ್‌ಗಳು

ಪಾರ್ 5 ಹೋಲ್‌ನಲ್ಲಿ ಎರಡನೆಯ ಹೊಡೆತಕ್ಕೇ ಗ್ರೀನ್ ತಲುಪಲು ಯತ್ನಿಸಬೇಕೇ, ಅಥವಾ ಮಧ್ಯದಲ್ಲಿ ಚೆಂಡನ್ನು ನಿಲ್ಲಿಸಿ ಮೂರನೆಯ ಹೊಡೆತಕ್ಕೆ ತಲುಪಬೇಕೇ ಎಂಬ ಆಯ್ಕೆ ಎದುರಾಗುತ್ತದೆ. ಎರಡನೆಯ ಕ್ರಮಕ್ಕೆ 'ಲೇ-ಅಪ್' ಎಂದು ಹೆಸರು.

ಈ ಆಯ್ಕೆಯನ್ನು ಸರಳ ಲೆಕ್ಕದಿಂದ ವಿವರಿಸಬಹುದು. ಗ್ರೀನ್‌ನ ಮುಂದೆ ಕೆರೆಯಿರುವ ಒಂದು ಹೋಲ್‌ನಲ್ಲಿ ಕೆರೆ ದಾಟಿದರೆ ಆಟಗಾರ ಸರಾಸರಿ 4.5 ಹೊಡೆತಗಳಲ್ಲಿ, ನೀರಿಗೆ ಬಿದ್ದರೆ 6.5 ಹೊಡೆತಗಳಲ್ಲಿ, ಲೇ-ಅಪ್ ಮಾಡಿದರೆ 5.2 ಹೊಡೆತಗಳಲ್ಲಿ ಮುಗಿಸುತ್ತಾನೆಂದು ಇಟ್ಟುಕೊಳ್ಳೋಣ. ಹತ್ತರಲ್ಲಿ ನಾಲ್ಕು ಸಲ ಮಾತ್ರ ದಾಟಬಲ್ಲವನ ಸರಾಸರಿ 5.7 ಆಗುತ್ತದೆ, ಆತನಿಗೆ ಲೇ-ಅಪ್ ಉತ್ತಮ. ಹತ್ತರಲ್ಲಿ ಏಳು ಸಲ ದಾಟಬಲ್ಲವನ ಸರಾಸರಿ 5.1; ಆತನಿಗೆ ಸಾಹಸವೇ ಲಾಭ. ಈ ಉದಾಹರಣೆಯಲ್ಲಿ ಎರಡೂ ಸಮವಾಗುವುದು ಶೇ. 65ರಷ್ಟು ಯಶಸ್ಸಿನಲ್ಲಿ. ಅಂದರೆ 'ಅರ್ಧಕ್ಕರ್ಧ ಸಾಧ್ಯತೆ' ಇದೆಯೆಂದು ಕೆರೆ ದಾಟಲು ಯತ್ನಿಸುವುದು ಇಲ್ಲಿ ತಪ್ಪು ನಿರ್ಧಾರವಾಗುತ್ತದೆ.

ದಂಡದ ನಿಯಮಗಳು ಮತ್ತು ತಂತ್ರ

ಗಾಲ್ಫ್ ನಿಯಮಗಳನ್ನು ಆರ್ ಆ್ಯಂಡ್ ಎ ಹಾಗೂ ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್ ಜಂಟಿಯಾಗಿ ರೂಪಿಸುತ್ತವೆ. 2019ರಲ್ಲಿ ಈ ನಿಯಮಗಳಲ್ಲಿ ವ್ಯಾಪಕ ಪರಿಷ್ಕರಣೆಯಾಯಿತು. ಎಲ್ಲ ಅಪಾಯಗಳ ಬೆಲೆ ಒಂದೇ ಅಲ್ಲದಿರುವುದರಿಂದ ತಂತ್ರಕ್ಕೆ ನಿಯಮಗಳ ಅರಿವು ಅಗತ್ಯ.

ಎಲ್ಲೆಯ ಹೊರಗೆ: ಬಿಳಿ ಗೂಟಗಳಿಂದ ಗುರುತಿಸಿದ ಎಲ್ಲೆಯನ್ನು ಚೆಂಡು ದಾಟಿದರೆ ಒಂದು ಹೊಡೆತದ ದಂಡದೊಂದಿಗೆ ಹಿಂದಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಹೊಡೆತವೂ ದೂರವೂ ಎರಡೂ ನಷ್ಟವಾಗುವುದರಿಂದ ಇದು ಅತ್ಯಂತ ದುಬಾರಿ ತಪ್ಪು. ಕಳೆದುಹೋದ ಚೆಂಡಿಗೂ ಇದೇ ನಿಯಮ. ಹುಡುಕಲು ಮೂರು ನಿಮಿಷ ಮಾತ್ರ ಅವಕಾಶ.

ಪೆನಾಲ್ಟಿ ಪ್ರದೇಶ: ಹಳದಿ ಅಥವಾ ಕೆಂಪು ಗುರುತಿನ ಪ್ರದೇಶದಿಂದ ಒಂದು ಹೊಡೆತದ ದಂಡದೊಂದಿಗೆ ಹೊರಬರಬಹುದು. ಕೆಂಪು ಗುರುತಿದ್ದರೆ ಚೆಂಡು ಒಳಹೊಕ್ಕ ಜಾಗದಿಂದ ಎರಡು ಕ್ಲಬ್‌ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ ಚೆಂಡನ್ನು ಬಿಡುವ ಹೆಚ್ಚುವರಿ ಅವಕಾಶವಿದೆ.

ಬಂಕರ್: ಇಲ್ಲಿ ದಂಡವಿಲ್ಲ, ಆದರೆ ಹೊಡೆತ ಕಠಿಣ. ಫೇರ್‌ವೇ ಬಂಕರ್‌ನ ಮುಂದಿನ ಗೋಡೆ ಎತ್ತರವಿದ್ದರೆ ದೂರದ ಆಸೆ ಬಿಟ್ಟು ಮೊದಲು ಹೊರಬರುವುದು ಮುಖ್ಯ.

ಆಡಲಾಗದ ಚೆಂಡು: ಪೊದೆ ಅಥವಾ ಮರದ ಬೇರಿನ ನಡುವೆ ಸಿಲುಕಿದ ಚೆಂಡನ್ನು ಆಡಲಾಗದೆಂದು ಘೋಷಿಸಿ ಒಂದು ಹೊಡೆತದ ದಂಡ ತೆರುವುದು, ಮೂರು ವ್ಯರ್ಥ ಹೊಡೆತಗಳಿಗಿಂತ ಅಗ್ಗ.

ಗ್ರೀನ್ ಮೇಲಿನ ಆಟ

ಅಮೆರಿಕದ ಪಿಜಿಎ ಟೂರ್ ಆಟಗಾರರು 8 ಅಡಿ ದೂರದ ಪಟ್‌ಗಳಲ್ಲಿ ಸುಮಾರು ಅರ್ಧವನ್ನು ಮಾತ್ರ ಕುಳಿಗೆ ಸೇರಿಸುತ್ತಾರೆ. 20 ಅಡಿಯಿಂದ ಈ ಪ್ರಮಾಣ ಸುಮಾರು ಶೇ. 15ಕ್ಕೆ ಇಳಿಯುತ್ತದೆ. ದೂರದ ಪಟ್‌ನಲ್ಲಿ ಕುಳಿಯ ಹತ್ತಿರ ಚೆಂಡನ್ನು ನಿಲ್ಲಿಸಿ ಮೂರನೆಯ ಪಟ್ ತಪ್ಪಿಸುವುದೇ ಗುರಿಯಾಗಬೇಕೆಂಬುದಕ್ಕೆ ಈ ಅಂಕಿಗಳೇ ಆಧಾರ. ಅಲ್ಲಿ ದಿಕ್ಕಿಗಿಂತ ವೇಗದ ಅಂದಾಜು ಮುಖ್ಯ.

ಹುಲ್ಲಿನ ಬೆಳವಣಿಗೆಯ ದಿಕ್ಕೂ ಚೆಂಡಿನ ಮೇಲೆ ಪ್ರಭಾವ ಬೀರುತ್ತದೆ. ಉಷ್ಣವಲಯದ ಅಂಗಣಗಳಲ್ಲಿ ವ್ಯಾಪಕವಾಗಿ ಬಳಸುವ ಬರ್ಮುಡಾ ಹುಲ್ಲು, ಗಣೇಶನ ಪೂಜೆಗೆ ಬಳಸುವ ಗರಿಕೆಯ ಜಾತಿಯದೇ ಆಗಿದೆ. ನೆಲಕ್ಕೆ ಹಬ್ಬಿ ಬೆಳೆಯುವ ಈ ಹುಲ್ಲಿನ ಎಸಳುಗಳು ಬಾಗಿದ ದಿಕ್ಕಿಗೆ ಹೊಡೆದರೆ ಚೆಂಡು ವೇಗವಾಗಿಯೂ, ಎದುರು ದಿಕ್ಕಿಗೆ ಹೊಡೆದರೆ ನಿಧಾನವಾಗಿಯೂ ಉರುಳುತ್ತದೆ. ಎಸಳು ಬಾಗಿದ ಕಡೆಗೆ ನೋಡಿದಾಗ ಹುಲ್ಲು ಹೊಳಪಾಗಿ, ಎದುರಿನಿಂದ ನೋಡಿದಾಗ ಗಾಢವಾಗಿ ಕಾಣುತ್ತದೆ.

ನೀರಿನ ಕೊರತೆಯಿರುವ ಒಣ ಪ್ರದೇಶಗಳ ಕೆಲವು ಅಂಗಣಗಳಲ್ಲಿ ಹುಲ್ಲಿನ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ 'ಬ್ರೌನ್'ಗಳಿರುತ್ತವೆ. ಪಟ್ ಮಾಡುವ ಮೊದಲು ಚೆಂಡಿನ ದಾರಿಯನ್ನು ಹಲಗೆ ಅಥವಾ ಕೊಳವೆ ಎಳೆದು ಸಮಮಾಡಲಾಗುತ್ತದೆ. ಇವುಗಳ ಮೇಲೆ ಚೆಂಡು ಹೆಚ್ಚು ತಿರುಗದೆ ನಿಧಾನವಾಗಿ ಉರುಳುವುದರಿಂದ ನೇರವಾಗಿ, ತುಸು ಬಲವಾಗಿ ಹೊಡೆಯಬೇಕು.

ಹವಾಮಾನ ಮತ್ತು ಭೂಸ್ವರೂಪ

ಕರ್ನಾಟಕದಲ್ಲಿ ಒಂದೇ ಹೋಲ್ ಬೇಸಿಗೆಯಲ್ಲಿ ಒಂದು ರೀತಿ, ಮಳೆಗಾಲದಲ್ಲಿ ಮತ್ತೊಂದು ರೀತಿ ಆಡಬೇಕಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾದ ಫೇರ್‌ವೇ ಮೇಲೆ ಚೆಂಡು ಬಹಳ ದೂರ ಉರುಳುತ್ತದೆ. ದೂರದ ಬಂಕರ್‌ಗಳೂ ಆಗ ಅಪಾಯವಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಚೆಂಡು ಬಿದ್ದಲ್ಲೇ ನಿಲ್ಲುವುದರಿಂದ ಹೋಲ್ ಉದ್ದವಾದಂತಾಗುತ್ತದೆ, ಆದರೆ ಗ್ರೀನ್ ಮೇಲೆ ಚೆಂಡನ್ನು ನಿಲ್ಲಿಸುವುದು ಸುಲಭ. ಬಂಕರ್ ಮತ್ತು ಪೆನಾಲ್ಟಿ ಪ್ರದೇಶಗಳ ಹೊರಗೆ ಮೆತ್ತನೆಯ ನೆಲದಲ್ಲಿ ಹೂತ ಚೆಂಡನ್ನು ದಂಡವಿಲ್ಲದೆ ತೆಗೆದು ಆಡಲು ನಿಯಮ ಅವಕಾಶ ನೀಡುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಕಡಿಮೆಯಿರುವುದರಿಂದ ಚೆಂಡು ಕರಾವಳಿಗಿಂತ ತುಸು ಹೆಚ್ಚು ದೂರ ಸಾಗುತ್ತದೆ. ಕೊಡಗು ಮತ್ತು ಚಿಕ್ಕಮಗಳೂರಿನಂತಹ ಮಲೆನಾಡಿನ ಅಂಗಣಗಳಲ್ಲಿ ಏರಿಳಿತವೇ ಪ್ರಧಾನ. ಏರಿನಲ್ಲಿ ಹೊಡೆಯುವಾಗ ದೊಡ್ಡ ಕ್ಲಬ್, ಇಳಿಜಾರಿನಲ್ಲಿ ಚಿಕ್ಕ ಕ್ಲಬ್ ಬೇಕಾಗುತ್ತದೆ. ಬಲಗೈ ಆಟಗಾರನಿಗೆ ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೂ, ಕೆಳಗಿದ್ದರೆ ಬಲಕ್ಕೂ ಸರಿಯುವ ಪ್ರವೃತ್ತಿಯಿರುತ್ತದೆ; ಗುರಿಯನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು.

ಬೆಂಗಳೂರಿನ ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ 18 ಹೋಲ್‌ಗಳ ಅಂಗಣದಲ್ಲಿ ನೀರಿನ ಅಡೆತಡೆಗಳು ಆಟದ ಭಾಗವಾಗಿವೆ. ಇದರ ವಿನ್ಯಾಸಕಾರ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಐದು ಬಾರಿ ಬ್ರಿಟಿಷ್ ಓಪನ್ ಹಾಗೂ ಮೂರು ಬಾರಿ ಇಂಡಿಯನ್ ಓಪನ್ ಗೆದ್ದ ಥಾಮ್ಸನ್, ಬಲಕ್ಕಿಂತ ಲೆಕ್ಕಾಚಾರದ ಆಟಕ್ಕೆ ಹೆಸರಾಗಿದ್ದರು.

ಸ್ಪರ್ಧೆಯ ಸ್ವರೂಪಕ್ಕೆ ತಕ್ಕ ತಂತ್ರ

ಸ್ಟ್ರೋಕ್ ಪ್ಲೇ ಪದ್ಧತಿಯಲ್ಲಿ ಎಲ್ಲ ಹೋಲ್‌ಗಳ ಹೊಡೆತಗಳನ್ನು ಕೂಡಲಾಗುತ್ತದೆ. ಒಂದೇ ಹೋಲ್‌ನ ದುರಂತ ಇಡೀ ಸುತ್ತನ್ನು ಕೆಡಿಸಬಹುದಾದ್ದರಿಂದ ಡಬಲ್ ಬೋಗಿ ತಪ್ಪಿಸುವುದಕ್ಕೆ ಆದ್ಯತೆ. ಮ್ಯಾಚ್ ಪ್ಲೇ ಪದ್ಧತಿಯಲ್ಲಿ ಪ್ರತಿ ಹೋಲ್ ಪ್ರತ್ಯೇಕ ಸ್ಪರ್ಧೆ. ಅಲ್ಲಿ ಎಂಟು ಹೊಡೆತ ತೆಗೆದುಕೊಂಡರೂ ಸೋಲುವುದು ಒಂದೇ ಹೋಲ್. ಎದುರಾಳಿಯ ಚೆಂಡು ನೀರಿಗೆ ಬಿದ್ದರೆ ಸುರಕ್ಷಿತವಾಗಿ ಆಡುವುದು, ಆತ ಕುಳಿಯ ಪಕ್ಕದಲ್ಲಿದ್ದರೆ ಸಾಹಸಕ್ಕಿಳಿಯುವುದು ಇಲ್ಲಿನ ಕ್ರಮ. ಕ್ಲಬ್ ಮಟ್ಟದಲ್ಲಿ ಜನಪ್ರಿಯವಾದ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಬೋಗಿಗೆ 1, ಪಾರ್‌ಗೆ 2, ಬರ್ಡಿಗೆ 3, ಈಗಲ್‌ಗೆ 4 ಅಂಕ. ಕೆಟ್ಟ ಹೋಲ್‌ಗೆ ಸೊನ್ನೆಗಿಂತ ಕಡಿಮೆ ಅಂಕವಿಲ್ಲದ್ದರಿಂದ ಇದು ಸಾಹಸಕ್ಕೆ ಹೆಚ್ಚು ಅವಕಾಶ ಕೊಡುತ್ತದೆ.

ಹ್ಯಾಂಡಿಕ್ಯಾಪ್ ಪಡೆದ ಹವ್ಯಾಸಿಗೆ ಅಂಕಪಟ್ಟಿಯಲ್ಲಿರುವ ಸ್ಟ್ರೋಕ್ ಇಂಡೆಕ್ಸ್ ಉಪಯುಕ್ತ. ಹೆಚ್ಚುವರಿ ಹೊಡೆತ ದೊರೆಯುವ ಹೋಲ್‌ನಲ್ಲಿ ಬೋಗಿಯೇ ಆತನ ಪಾರ್. ಆದ್ದರಿಂದ ಕಠಿಣವಾದ ಪಾರ್ 4 ಹೋಲ್ ಅನ್ನು ಪಾರ್ 5ರಂತೆ, ಮೂರು ಹೊಡೆತಗಳಲ್ಲಿ ಗ್ರೀನ್ ತಲುಪುವಂತೆ ಆಡಬಹುದು.

ಅಂಕಿಅಂಶ ಆಧಾರಿತ ವಿಶ್ಲೇಷಣೆ

ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರು ರೂಪಿಸಿದ 'ಸ್ಟ್ರೋಕ್ಸ್ ಗೇನ್ಡ್' ವಿಧಾನ ಪ್ರತಿ ಹೊಡೆತದ ಮೌಲ್ಯವನ್ನು ಸರಾಸರಿಯೊಂದಿಗೆ ಹೋಲಿಸಿ ಅಳೆಯುತ್ತದೆ. ಪಿಜಿಎ ಟೂರ್ 2011ರಲ್ಲಿ ಪಟಿಂಗ್ ಅಳೆಯಲು ಇದನ್ನು ಅಳವಡಿಸಿಕೊಂಡಿತು. ಆಟಗಾರರ ನಡುವಿನ ಅಂತರದ ಸುಮಾರು ಮೂರನೇ ಎರಡು ಭಾಗ 100 ಗಜಕ್ಕಿಂತ ದೂರದ ಹೊಡೆತಗಳಿಂದ ಬರುತ್ತದೆ ಎಂದು ಬ್ರಾಡಿ ತೋರಿಸಿದರು. ಪಟಿಂಗ್ ಒಂದೇ ಆಟವನ್ನು ನಿರ್ಧರಿಸುತ್ತದೆ ಎಂಬ ಹಳೆಯ ನಂಬಿಕೆಯನ್ನು ಇದು ಪ್ರಶ್ನಿಸಿತು.

ಗಮನಾರ್ಹ ನಿದರ್ಶನಗಳು

ಕಾರ್ನೂಸ್ಟಿ, 1999: ಬ್ರಿಟಿಷ್ ಓಪನ್‌ನ ಕೊನೆಯ ಹೋಲ್‌ಗೆ ಬಂದಾಗ ಫ್ರಾನ್ಸ್‌ನ ಜಾನ್ ವಾನ್ ಡಿ ವೆಲ್ಡ್ ಮೂರು ಹೊಡೆತಗಳಿಂದ ಮುಂದಿದ್ದರು. ಡಬಲ್ ಬೋಗಿ ಆಡಿದ್ದರೂ ಪ್ರಶಸ್ತಿ ಅವರದಾಗುತ್ತಿತ್ತು. ಟೀಯಿಂದ ಡ್ರೈವರ್ ಬಳಸಿದ ಅವರು, ಎರಡನೆಯ ಹೊಡೆತದಲ್ಲೂ ಲೇ-ಅಪ್ ಮಾಡದೆ ಗ್ರೀನ್‌ನತ್ತ ಹೊಡೆದರು. ನಂತರ ಚೆಂಡು ತೊರೆಗೆ ಬಿದ್ದು ಏಳು ಹೊಡೆತಗಳಾದವು. ಪ್ಲೇ-ಆಫ್‌ನಲ್ಲಿ ಪಾಲ್ ಲಾರಿ ಗೆದ್ದರು.

ಅಗಸ್ಟಾ, 2016: ಮಾಸ್ಟರ್ಸ್ ಟೂರ್ನಿಯ ಕೊನೆಯ ಸುತ್ತಿನಲ್ಲಿ ಒಂಬತ್ತು ಹೋಲ್ ಬಾಕಿಯಿರುವಾಗ ಐದು ಹೊಡೆತಗಳಿಂದ ಮುಂದಿದ್ದ ಜೋರ್ಡಾನ್ ಸ್ಪೀತ್, ಪಾರ್ 3ರ 12ನೇ ಹೋಲ್‌ನಲ್ಲಿ ಎರಡು ಸಲ ನೀರಿಗೆ ಹೊಡೆದು ಏಳು ಹೊಡೆತ ತೆಗೆದುಕೊಂಡರು. ಡ್ಯಾನಿ ವಿಲೆಟ್ ಚಾಂಪಿಯನ್ ಆದರು.

ಟೋಕಿಯೊ, 2021: ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ ಕ್ರೀಡಾಕೂಟದಲ್ಲಿ 67, 66, 68, 68ರ ಸುತ್ತುಗಳೊಂದಿಗೆ ಒಟ್ಟು 269 ಹೊಡೆತಗಳಲ್ಲಿ, ಪಾರ್‌ಗಿಂತ 15 ಕಡಿಮೆಯಾಗಿ ಆಟ ಮುಗಿಸಿ ನಾಲ್ಕನೇ ಸ್ಥಾನ ಪಡೆದರು. ಪದಕ ಒಂದೇ ಹೊಡೆತದಿಂದ ತಪ್ಪಿತು. ಟೀಯಿಂದ ಕಣದಲ್ಲಿ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಅವರೂ ಒಬ್ಬರು. ಇತರರು ಚಿಕ್ಕ ಐರನ್‌ಗಳಿಂದ ಗ್ರೀನ್‌ಗೆ ಹೊಡೆಯುತ್ತಿದ್ದಾಗ ಅವರು ಹೈಬ್ರಿಡ್ ಹಾಗೂ ಫೇರ್‌ವೇ ವುಡ್‌ಗಳನ್ನು ಬಳಸಬೇಕಾಯಿತು. ಫೇರ್‌ವೇ ತಪ್ಪಿಸದ ಆಟ ಮತ್ತು ನಿಖರವಾದ ಪಟಿಂಗ್‌ನಿಂದ ಆ ಕೊರತೆಯನ್ನು ತುಂಬಿಕೊಂಡರು. ದೂರದ ಬಲವಿಲ್ಲದವರೂ ತಮ್ಮ ಆಟಕ್ಕೆ ಹೊಂದುವ ಯೋಜನೆಯಿಂದ ಉನ್ನತ ಮಟ್ಟದಲ್ಲಿ ಸ್ಪರ್ಧಿಸಬಹುದೆಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ.

ಹಾಂಗ್‌ಝೌ, 2023: ಏಷ್ಯನ್ ಕ್ರೀಡಾಕೂಟದಲ್ಲಿ ಅದಿತಿ ಕೊನೆಯ ಸುತ್ತಿಗೆ ಮುನ್ನ ಏಳು ಹೊಡೆತಗಳಿಂದ ಮುಂದಿದ್ದರು. ಅಂತಿಮ ಸುತ್ತಿನಲ್ಲಿ 77 ಹೊಡೆತಗಳಾಗಿ ಬೆಳ್ಳಿ ಪದಕಕ್ಕೆ ತೃಪ್ತರಾದರು. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ದೊಡ್ಡ ಮುನ್ನಡೆಯೂ ಸ್ಟ್ರೋಕ್ ಪ್ಲೇಯಲ್ಲಿ ಸುರಕ್ಷಿತವಲ್ಲ ಎಂಬುದನ್ನು ಈ ಸ್ಪರ್ಧೆ ತೋರಿಸಿತು.

ಕ್ಯಾಡಿಗಳ ಪಾತ್ರ

ಆಟಗಾರನ ಕ್ಲಬ್‌ಗಳನ್ನು ಹೊರುವ ಕ್ಯಾಡಿ, ನಿಯಮದಂತೆ ಸಲಹೆ ನೀಡಬಹುದಾದ ವ್ಯಕ್ತಿಯೂ ಹೌದು. ಗಾಳಿಯ ದಿಕ್ಕು, ಗ್ರೀನ್‌ನ ಓರೆ, ಮಳೆಯ ನಂತರ ನೀರು ನಿಲ್ಲುವ ಜಾಗ ಮುಂತಾದ ಸ್ಥಳೀಯ ಜ್ಞಾನ ಅಂಗಣದಲ್ಲಿ ದಿನವೂ ನಡೆಯುವ ಕ್ಯಾಡಿಗಳಲ್ಲಿ ಹೆಚ್ಚಾಗಿರುತ್ತದೆ. ಟೋಕಿಯೊದಲ್ಲಿ ಅದಿತಿ ಅವರಿಗೆ ತಾಯಿ ಮಹೇಶ್ವರಿ ಕ್ಯಾಡಿಯಾಗಿದ್ದರು.

ಕ್ಯಾಡಿಗಳಾಗಿ ಆಟ ಕಲಿತು ವೃತ್ತಿಪರರಾದವರೂ ಕರ್ನಾಟಕದಲ್ಲಿದ್ದಾರೆ. ಬೆಂಗಳೂರಿನ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಪ್ಲೇ-ಆಫ್‌ನಲ್ಲಿ ಗೆದ್ದರು. ಬಿಡದಿ ಸಮೀಪದ ಈಗಲ್‌ಟನ್ ಅಂಗಣದ ಬಳಿಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಕೂಡ ಬಾಲ್ಯದಲ್ಲಿ ಕ್ಯಾಡಿಯಾಗಿದ್ದು, ಬಳಿಕ ಭಾರತದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿಗಳನ್ನು ಗಳಿಸಿದರು.

ಇವನ್ನೂ ನೋಡಿ

ಗಾಲ್ಫ್
ಅದಿತಿ ಅಶೋಕ್
ಬೆಂಗಳೂರು ಗಾಲ್ಫ್ ಕ್ಲಬ್
ಒಲಿಂಪಿಕ್ ಕ್ರೀಡಾಕೂಟದಲ್ಲಿ ಗಾಲ್ಫ್